ಹೊಸ ಬ್ಯಾಟರಿ ತರುವ ಮುಂಚೆ ಮೀಟರ್ ಇಟ್ಟು ನೋಡಿ

ಕಾರಿನ ಸೆಲ್ಫ್ ಹೊಡೆದರೆ ‘ಟಕ್’ ಅಂತ ಒಂದೇ ಸದ್ದು, ಡ್ಯಾಶ್‌ಬೋರ್ಡ್ ದೀಪ ಮಂಕು. ಬ್ಯಾಟರಿ ಸತ್ತರೂ ಹೀಗೇ, ಟರ್ಮಿನಲ್ ಸಡಿಲವಾದರೂ ಹೀಗೇ, ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಚಾರ್ಜ್ ಮಾಡದಿದ್ದರೂ ಹೀಗೇ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ನಾನು ಮಲ್ಟಿಮೀಟರ್ ತೆಗೆಯುತ್ತೇನೆ.

ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಅಳೆದರೆ ಒಳ್ಳೆಯದು. ಈಗಷ್ಟೇ ಓಡಿಸಿದ್ದರೆ ಹೆಡ್‌ಲೈಟ್ ಎರಡು ನಿಮಿಷ ಉರಿಸಿ, ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ನೋಡುತ್ತೇನೆ. ಇಲ್ಲವಾದರೆ ಬ್ಯಾಟರಿಯಲ್ಲಿ ಇಲ್ಲದ ಚಾರ್ಜನ್ನು ಮೀಟರ್ ತೋರಿಸುತ್ತದೆ. 12.6 ವೋಲ್ಟ್ ಅಂದರೆ ಫುಲ್, 12.2 ಅಂದರೆ ಹೆಚ್ಚುಕಡಿಮೆ ಅರ್ಧ. ಅದಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜರ್‌ಗೆ ಹಾಕಬೇಕು: 35 ಎಎಚ್ (ಆಂಪಿಯರ್-ಅವರ್) ಬ್ಯಾಟರಿಗೆ 3.5 ಆಂಪಿಯರ್ ಸಾಕು. ರಾತ್ರಿ ಪೂರ್ತಿ ಚಾರ್ಜ್ ಮಾಡಿದರೂ 10.5ರ ಆಸುಪಾಸಿನಲ್ಲೇ ನಿಂತರೆ ಬ್ಯಾಟರಿಯ ಒಳಗಿನ ಒಂದು ಸೆಲ್ ಹೋಗಿದೆ, ಅದಕ್ಕೆ ಮದ್ದಿಲ್ಲ.

ಫುಲ್ ಚಾರ್ಜ್ ಆದಮೇಲೆ ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ ಮೀಟರ್ ನೋಡಬೇಕು. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮೇಲೆ ಅನುಮಾನ. ಮೀಟರಿನ ವೈರಿನ ತುದಿಯ ಮುಳ್ಳನ್ನು ಕೇಬಲ್ಲಿನ ಕ್ಲಾಂಪಿನ ಮೇಲಲ್ಲ, ನಡುವಿನ ಸೀಸದ ಗೂಟದ ಮೇಲೇ ಇಡಬೇಕು. ಆಮೇಲೆ ಒಂದು ಮುಳ್ಳು ಗೂಟಕ್ಕೆ, ಇನ್ನೊಂದು ಕ್ಲಾಂಪಿಗೆ ಇಟ್ಟು ಮತ್ತೆ ಸೆಲ್ಫ್. ಸೊನ್ನೆಯ ಹತ್ತಿರ ಇರಬೇಕಾದದ್ದು ಅರ್ಧ ವೋಲ್ಟ್ ತೋರಿಸಿದರೆ ತಪ್ಪು ಬ್ಯಾಟರಿಯದಲ್ಲ, ಕ್ಲಾಂಪಿನ ಜೋಡಣೆಯದು. ಹೊರಗೆ ಹಸಿರು ಪುಡಿ ಕಾಣದಿದ್ದರೂ, ಬಿಚ್ಚಿದಾಗ ಕ್ಲಾಂಪಿನ ಒಳಮೈಯಲ್ಲಿ ಕಪ್ಪು ಪದರ ಕೂತಿರುತ್ತದೆ. ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಸೀಸ ಹೊಳೆಯುವವರೆಗೆ ಉಜ್ಜುತ್ತೇನೆ. ಹಾಕುವಾಗ ನೆಗೆಟಿವ್ ಕೊನೆಗೆ. ಬಿಗಿ ಮಾಡಿದ ಮೇಲೆ ವ್ಯಾಸಲೀನ್. ನೆಗೆಟಿವ್ ಗೂಟದಿಂದ ಎಂಜಿನ್ ಬ್ಲಾಕಿಗೂ ಇದೇ ಪರೀಕ್ಷೆ ಮಾಡಿ. ಅರ್ಥ್ ವೈರನ್ನು ಬಹಳ ಜನ ಮುಟ್ಟಿಯೂ ನೋಡುವುದಿಲ್ಲ.

ಎಂಜಿನ್ 1500–2000 ಆರ್‌ಪಿಎಮ್‌ನಲ್ಲಿ ಇದ್ದಾಗ ಬ್ಯಾಟರಿಯಲ್ಲಿ 13.8ರಿಂದ 14.5 ಬರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿದ ಕೂಡಲೇ 13ರ ಕೆಳಗೆ ಇಳಿದರೆ ಮೊದಲು ಆಲ್ಟರ್ನೇಟರ್ ತಿರುಗಿಸುವ ಬೆಲ್ಟ್ ನೋಡಿ, ನಂತರ ಆಲ್ಟರ್ನೇಟರಿನ ದಪ್ಪ ವೈರು: ಆ ಬೋಲ್ಟಿನಿಂದ ಬ್ಯಾಟರಿ ಪಾಸಿಟಿವ್‌ಗೆ 0.3ಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ ವೈರೇ ಕೆಟ್ಟಿದೆ. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಮೀಟರನ್ನು ಎಸಿ ವೋಲ್ಟ್ ರೇಂಜಿಗೆ ತಿರುಗಿಸಿದಾಗ ಅರ್ಧ ವೋಲ್ಟ್ ಮೀರಿದರೆ ಆಲ್ಟರ್ನೇಟರಿನ ಒಳಗಿನ ಡಯೋಡ್ ಹೋಗಿರುವ ಸಂಭವ ಹೆಚ್ಚು. ಕೆಲವು ಹೊಸ ಕಾರುಗಳಲ್ಲಿ ಇಸಿಯುವೇ (ಎಂಜಿನ್ ನಡೆಸುವ ಕಂಪ್ಯೂಟರ್) ಚಾರ್ಜಿಂಗ್ ತಗ್ಗಿಸುತ್ತದೆ, ಅಲ್ಲಿ ಒಂದೇ ರೀಡಿಂಗ್ ನಂಬಬೇಡಿ. ಎಂಜಿನ್ ಓಡುತ್ತಿರುವಾಗ ಟರ್ಮಿನಲ್ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವ ಹಳೇ ಪದ್ಧತಿಯನ್ನಂತೂ ಬಿಟ್ಟೇಬಿಡಿ. ಆ ಕ್ಷಣ ಏರುವ ವೋಲ್ಟೇಜ್ ಇಸಿಯು ಸುಡಬಲ್ಲದು.

ಇಷ್ಟೆಲ್ಲ ಸರಿಯಿದ್ದೂ ಎರಡು ಮೂರು ದಿನ ನಿಂತರೆ ಗಾಡಿ ಸ್ಟಾರ್ಟ್ ಆಗದಿದ್ದರೆ ಎಲ್ಲೋ ಕರೆಂಟ್ ಸೋರುತ್ತಿದೆ. ನೆಗೆಟಿವ್ ಕೇಬಲ್ ಬಿಚ್ಚಿ, ಕೇಬಲ್ಲಿಗೂ ಗೂಟಕ್ಕೂ ನಡುವೆ 10 ಆಂಪಿಯರ್ ರೇಂಜಿನಲ್ಲಿ ಮೀಟರ್ ಸೇರಿಸಿ, ಗಾಡಿ ಲಾಕ್ ಮಾಡಿ, ಮುಕ್ಕಾಲು ಗಂಟೆ ಕಾಯುತ್ತೇನೆ. ಗಾಡಿಯ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳು ಮಲಗಲು ಅಷ್ಟು ಹೊತ್ತು ಬೇಕು. ಆಗ ಕೀ ತಿರುಗಿಸಿದರೆ ಮೀಟರಿನ ಫ್ಯೂಸ್ ಹಾರುತ್ತದೆ. 50 ಮಿಲಿಆಂಪಿಯರ್ ಒಳಗಿದ್ದರೆ ಚಿಂತೆಯಿಲ್ಲ. 300 ಇದ್ದರೆ 35 ಎಎಚ್ ಬ್ಯಾಟರಿ ಎರಡೂವರೆ ದಿನಕ್ಕೆ ಅರ್ಧ ಖಾಲಿ. ಫ್ಯೂಸ್ ಕಿತ್ತು ಹಾಕಿದರೆ ಮಾಡ್ಯೂಲ್ ಮತ್ತೆ ಎಚ್ಚರವಾಗುತ್ತದೆ. ಅದಕ್ಕೇ ಫ್ಯೂಸಿನ ತಲೆಯ ಎರಡು ಚುಕ್ಕಿಗಳ ನಡುವೆ ಮಿಲಿವೋಲ್ಟ್ ನೋಡುತ್ತಾ ಹೋಗುತ್ತೇನೆ. ರೀಡಿಂಗ್ ಬಂದ ಫ್ಯೂಸ್ ಸ್ಟೀರಿಯೋದ್ದಾಗಿದ್ದು, ಹೊರಗಿನಿಂದ ಹಾಕಿಸಿದ ಸೆಟ್ ಆಗಿದ್ದರೆ, ಅದರ ಹಳದಿ (ಸದಾ ಸಪ್ಲೈ ಇರುವ) ಮತ್ತು ಕೆಂಪು ವೈರು ಒಟ್ಟಿಗೆ ಹೆಣೆದಿದ್ದಾರಾ ನೋಡಿ. ಕೆಂಪು ವೈರು ಕೀ ಆನ್ ಆದಾಗ ಮಾತ್ರ ಸಪ್ಲೈ ಬರುವ ಲೈನಿಗೆ ಹೋಗಬೇಕು.