ಕಾರ್ತೀಕ ಅಂದ ಅಜ್ಜಿಗೆ ಸೊನ್ನೆ

ಪುಣೆಯ ಸಿಂಹಗಡ ರಸ್ತೆಯ ಕಡೆ ಒಂದು ವೃದ್ಧಾಶ್ರಮದಲ್ಲಿ ನಾನು ನರ್ಸ್. ತವರು ಬಾಗಲಕೋಟೆ. ನಡಿಗೆ, ಊಟ, ಸ್ನಾನ, ನೆನಪು ಅಂತ ತಿಂಗಳಿಗೊಮ್ಮೆ ಪ್ರತಿಯೊಬ್ಬರ ಫಾರ್ಮ್ ತುಂಬಬೇಕು. ಮೊದಲ ವರ್ಷ ನಾನೂ ಹೋದ ತಿಂಗಳ ಹಾಳೆ ಪಕ್ಕಕ್ಕಿಟ್ಟುಕೊಂಡು ನಕಲು ಹೊಡೆದವಳೇ.

ಆ ಚಾಳಿ ಬಿಡಿಸಿದ್ದು ಧಾರವಾಡದ ಒಬ್ಬ ಅಜ್ಜಿ. ನೆನಪಿನ ಪರೀಕ್ಷೆ ಎಂಎಂಎಸ್‌ಇಯಲ್ಲಿ ಅವರಿಗೆ 30ಕ್ಕೆ 11. ಫೈಲಿನಲ್ಲಿ 'ಡಿಮೆನ್ಶಿಯಾ' (ಮರೆವಿನ ಕಾಯಿಲೆ) ಅಂತ ಬರೆದೂ ಆಗಿತ್ತು. ಅದೇ ಅಜ್ಜಿ ನನಗೆ, "ನಿನ್ನೆ ನಿನ್ನ ರಜಾ ಇತ್ತು, ಆರಾಮ ಇದ್ದಿಲ್ಲೇನವಾ?" ಅನ್ನೋರು! ಹಳೆಯ ಹಾಳೆ ತೆಗೆದು ನೋಡಿದೆ. ಪ್ರಶ್ನೆ ಕೇಳಿದ್ದು ಹಿಂದಿಯಲ್ಲಿ. ತಿಂಗಳು ಯಾವುದು ಅಂದದ್ದಕ್ಕೆ ಅಜ್ಜಿ "ಕಾರ್ತೀಕ" ಅಂದಿದ್ದಾರೆ. ಕೇಳಿದವರಿಗೆ ಬೇಕಿದ್ದದ್ದು ನವೆಂಬರ್. ಸೊನ್ನೆ. ಕನ್ನಡಕ ಟ್ರಂಕಿನಲ್ಲೇ ಇತ್ತು, ಹಾಗಾಗಿ ಓದುವ, ಚಿತ್ರ ಬಿಡಿಸುವ ಅಂಕಗಳೂ ಹೋಗಿದ್ದವು.

ಕಿವಿಯ ಗುಗ್ಗೆ ತೆಗೆಸಿ, ಕನ್ನಡಕ ಹಾಕಿಸಿ, ಬೆಳಿಗ್ಗೆ ಚಹಾ ಆದಮೇಲೆ ಕನ್ನಡದಲ್ಲಿ ಕೂತು ಕೇಳಿದೆ. ನೂರರಿಂದ ಏಳೇಳು ಕಳೆಯಿರಿ ಅಂದರೆ ತೊಂಬತ್ಮೂರು, ಎಂಬತ್ತಾರು, ಎಪ್ಪತ್ತೊಂಬತ್ತು ಅಂತ ಸರಸರ ಇಳಿದರು. "ಸಂತಿ ಲೆಕ್ಕ ಇದು, ಇದಕ್ಕೇನ್ ಪರೀಕ್ಷಾ?" ಬಂದದ್ದು 25. ಡಾಕ್ಟರು ಮತ್ತೆ ನೋಡಿ ಫೈಲಿನ 'ಡಿಮೆನ್ಶಿಯಾ' ಪದ ಹೊಡೆದುಹಾಕುವಷ್ಟರಲ್ಲಿ ಎರಡು ತಿಂಗಳು ಹೋಯಿತು.

ದಿನಚರಿಯ ಕೆಲಸಗಳಿಗೆ ನಾವು ಬಳಸುವುದು 1965ರ ಬಾರ್ಥೆಲ್ ಸೂಚ್ಯಂಕ: ಹತ್ತು ಕೆಲಸ, ನೂರು ಅಂಕ. ಇಲ್ಲಿ ಎಡವುವುದು ಬೇರೆ ಥರ. ಮಾಡಬಲ್ಲರೋ ಅಂತಲ್ಲ, ಮಾಡುತ್ತಾರೋ ಅಂತ ಬರೆಯಬೇಕು. ಒಬ್ಬ ಅಜ್ಜ ನನ್ನೆದುರು ಹಾಸಿಗೆಯಿಂದ ತಾವೇ ಎದ್ದು ನಿಂತು ಮೀಸೆ ತಿರುವಿದರು. ಪೂರ್ತಿ ಅಂಕ ಕೊಟ್ಟೆ. ರಾತ್ರಿ ಪಾಳಿಯ ಮಾವಶಿ (ಇಲ್ಲಿ ಆಯಾಗೆ ಹಾಗಂತಾರೆ) ಹಾಳೆ ನೋಡಿ ನಕ್ಕಳು. ನಿದ್ದೆಗಣ್ಣಲ್ಲಿ ಅವರನ್ನು ಎಬ್ಬಿಸಿ ಸಂಡಾಸಿಗೆ ಕರೆದೊಯ್ಯಲು ದಿನಾ ಇಬ್ಬರು ಬೇಕಂತೆ.

ಅಮೆರಿಕದಲ್ಲಿ ಸರ್ಕಾರದ ದುಡ್ಡು ಪಡೆಯುವ ನರ್ಸಿಂಗ್ ಹೋಮ್‌ಗಳಿಗೆ 1987ರ ಕಾನೂನು ಒಂದೇ ಮಾದರಿಯ ಮೌಲ್ಯಮಾಪನ ಕಡ್ಡಾಯ ಮಾಡಿತು. ಅಲ್ಲಿ ಎಷ್ಟೋ ಪ್ರಶ್ನೆಗಳಿಗೆ ಹಿಂದಿನ 7 ದಿನ ನೋಡಿಯೇ ಉತ್ತರಿಸಬೇಕು. ಅದನ್ನು ನಾನು ಕಡ ತಂದೆ. ಮಾವಶಿಗೆ ಬರೆಯಲು ಬರದು, ಆದ್ದರಿಂದ ಮಂಚದ ತಲೆಗೆ ಒಂದು ಕ್ಯಾಲೆಂಡರ್ ಕಟ್ಟಿದ್ದೇವೆ: ತಾವೇ ಎದ್ದರೆ ಒಂದು ಗೀಟು, ಕೈಹಿಡಿದರೆ ಎರಡು, ಎತ್ತಿದರೆ ಮೂರು. ಫಾರ್ಮಿಗೆ ಹತ್ತು ನಿಮಿಷ ಸಾಕಾಗುತ್ತಿದ್ದದ್ದು ಈಗ ಮುಕ್ಕಾಲು ಗಂಟೆ. ಮ್ಯಾನೇಜರರಿಗೆ ಇನ್ನೂ ಸಿಟ್ಟಿದೆ.