ಅಮಾವಾಸ್ಯೆಗೊಮ್ಮೆ ಬ್ಯಾಟರಿ ಬಿಚ್ಚಿ ನೋಡಿ

ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅನ್ನುತ್ತೇವೆ, ಒಳಗೆ ಹಾಕುವುದಕ್ಕೆ ಸೆಲ್ಲು. ಚನ್ನಗಿರಿ ತಾಲ್ಲೂಕಿನಲ್ಲಿ ನಮ್ಮದು ಅಡಿಕೆ ತೋಟ. ಪಂಪಿನ ಮೋಟರ್‌ಗೆ ಬೇಕಾದ ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ಕತ್ತಲಲ್ಲೇ ಹೋಗಿ ಮೋಟರ್ ಹಾಕಬೇಕು. ಕಾಲಡಿಗೆ ಹಾವು ಬರುವ ಜಾಗ.

ಒಂದು ಮಳೆಗಾಲದ ರಾತ್ರಿ ಹಸು ಈಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಬ್ಯಾಟರಿ ಒತ್ತಿದೆ, ಹತ್ತಲಿಲ್ಲ. ಅತ್ತೆ ಬುಡ್ಡಿ ಹಚ್ಚಿ ತರುವಷ್ಟರಲ್ಲಿ ಕರು ನೆಲಕ್ಕೆ ಬಿದ್ದಿತ್ತು. ಪುಣ್ಯಕ್ಕೆ ಬದುಕಿತು. ಬೆಳಿಗ್ಗೆ ಹಿಂದಿನ ಮುಚ್ಚಳ ತಿರುಗಿಸಿದರೆ, ಸೆಲ್ಲು ಊದಿ ಕೊಳವೆಯೊಳಗೇ ಕಚ್ಚಿಕೊಂಡಿದೆ. ಸ್ಪ್ರಿಂಗ್ ತುಂಬಾ ಬಿಳಿ ಪುಡಿ, ಅದರ ಕೆಳಗೆ ಹಸಿರು ಕಿಲುಬು.

ಅಗ್ಗದ ಸೆಲ್ಲಿನ ಹೊರಗಿನ ಡಬ್ಬಿ ಸತುವಿನದು. ಕರೆಂಟ್ ಕೊಡುತ್ತಾ ಕೊಡುತ್ತಾ ಆ ಸತುವೇ ಸವೆಯುತ್ತದೆ. ಕೊನೆಗೆ ತೂತು ಬಿದ್ದು ಒಳಗಿನದು ಸೋರುತ್ತದೆ. ಹಳೆಯ ಸೆಲ್ಲಿನ ಜೊತೆ ಹೊಸದು ಹಾಕಿದರೆ ಇನ್ನೂ ಬೇಗ. ಹಳೆಯದು ಖಾಲಿಯಾದರೂ ಹೊಸದು ಅದರ ಮೂಲಕವೇ ಕರೆಂಟ್ ತಳ್ಳುತ್ತಿರುತ್ತದೆ. ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ.

ಸೋರಿದ್ದನ್ನು ಬರಿಗೈಲಿ ಮುಟ್ಟಬೇಡಿ, ಕೈಗೆ ಪ್ಲಾಸ್ಟಿಕ್ ಕವರ್ ಸುತ್ತಿಕೊಳ್ಳಿ. ಒಣ ಬ್ರಷ್‌ನಿಂದ ಪುಡಿ ಉದುರಿಸಿ. ಸೆಲ್ಲಿನ ಮೇಲೆ ಆಲ್ಕಲೈನ್ ಅಂತ ಇದ್ದರೆ ಬಟ್ಟೆಗೆ ಎರಡು ಹನಿ ನಿಂಬೆರಸ ಹಾಕಿ ಒರೆಸಿ. ಸಾಮಾನ್ಯ ಸೆಲ್ಲಾದರೆ ನೀರಲ್ಲಿ ಕಲಸಿದ ಅಡುಗೆ ಸೋಡಾ ಸಾಕು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಸ್ಪ್ರಿಂಗಿನ ತುದಿಯನ್ನು ಉಪ್ಪು ಕಾಗದದಿಂದ ಹೊಳೆಯುವ ತನಕ ಉಜ್ಜಿ. ನಮ್ಮದು ಹತ್ತಿದ್ದು ಹಾಗೆ ಉಜ್ಜಿದ ಮೇಲೇ.

ಅಪರೂಪಕ್ಕೆ ಬಳಸುವ ಬ್ಯಾಟರಿಯಾದರೆ ಸೆಲ್ಲು ಹೊರಗಿಡುವುದೇ ಒಳ್ಳೆಯದು. ಆದರೆ ಕತ್ತಲಲ್ಲಿ ಹುಡುಕುವುದು ಕಷ್ಟ ಅಲ್ವಾ? ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿಡಿ.

ಚಾರ್ಜಿಂಗ್ ಬ್ಯಾಟರಿಯಲ್ಲಿ ಹೆಚ್ಚು ತೂಕದ್ದು ಸಾಮಾನ್ಯವಾಗಿ ಸೀಸದ್ದು. ಖಾಲಿ ಮಾಡಿ ಮೂಲೆಗಿಟ್ಟರೆ ಒಳಗೆ ಗಟ್ಟಿ ಪದರ ಕಟ್ಟಿ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಬಳಸಿದ ಮರುದಿನವೇ ಚಾರ್ಜ್ ಹಾಕಿ. ಬಳಸದಿದ್ದರೂ ತಿಂಗಳಿಗೊಮ್ಮೆ ಹಾಕಿ. ಯಾವುದೇ ಆಗಲಿ, ಒಲೆ ಹತ್ತಿರ, ಬಿಸಿಲು ಬೀಳುವ ಕಿಟಕಿಯಲ್ಲಿ ಬೇಡ.

ಅಮಾವಾಸ್ಯೆ ದಿನ ಗಾಡಿಗೆ, ಮೋಟರ್‌ಗೆ ಪೂಜೆ ಮಾಡುತ್ತೇವಲ್ಲ, ನಾನು ಅವತ್ತೇ ಬ್ಯಾಟರಿಯನ್ನೂ ಬಿಚ್ಚುತ್ತೇನೆ. ಸುಮ್ನೆ ಒತ್ತಿ ಆರಿಸಿದರೆ ಗೊತ್ತಾಗುವುದಿಲ್ಲ. ಐದು ನಿಮಿಷ ಉರಿಸಿ, ಬೆಳಕು ಮಂಕಾಗುತ್ತದಾ ನೋಡಿ. ಆಮೇಲೆ ಬಾಗಿಲ ಪಕ್ಕದ ಅದೇ ಮೊಳೆಗೆ ನೇತುಹಾಕಿ, ಮಕ್ಕಳಿಗೂ ಎಟಕುವ ಎತ್ತರದಲ್ಲಿ.