"ಎಷ್ಟು ಕೊಡುತ್ತೆ?": ಇಂಗ್ಲೆಂಡಿಗೆ ಹೊರಟ ನಮ್ಮ ಕಡೆಯವರಿಗೆ ಹಳೇ ಕಾರಿನ ಮಾತು

ಈ ಸಲ ರಜೆಗೆ ಬಂದವನು ಗಂಗಾವತಿಯಲ್ಲಿ ಅಕ್ಕನ ಮನೆಯಲ್ಲಿ ಕೂತಿದ್ದೆ. ಮುಂದೆ ತಟ್ಟೆ ತುಂಬ ಉಗ್ಗಾಣಿ, ಮೇಲೆ ಎರಡು ಮಿರ್ಚಿ. ಅಕ್ಕನ ಮಗ, ನನ್ನ ಅಳಿಯ, ಪಕ್ಕಕ್ಕೆ ಬಂದು ಕೂತು ಫೋನು ಚಾಚಿದ. ಮುಂದಿನ ತಿಂಗಳು ಹೆಂಡತಿ ಮತ್ತು ನಾಲ್ಕು ವರ್ಷದ ಮಗಳ ಜೊತೆ ಇಂಗ್ಲೆಂಡಿನಲ್ಲಿ ನಾನಿರುವ ಕವೆಂಟ್ರಿ ಊರಿಗೆ ಬರುತ್ತಿದ್ದಾನೆ. ವೀಸಾ ಬಂದಿದೆ, ಮನೆ ಇನ್ನೂ ಸಿಕ್ಕಿಲ್ಲ, ಕಾರು ಮಾತ್ರ ಆಗಲೇ ಹುಡುಕಿಟ್ಟಿದ್ದಾನೆ.

"ಮಾಮ, ಇದು ಹೆಂಗೈತಿ ನೋಡ್ರಿ. ಡೀಸೆಲ್ಲು, ಏಳು ಸೀಟು, ಮೂರು ಸಾವಿರದ ಇನ್ನೂರು ಪೌಂಡು."

ನೋಡಿದೆ. ಹನ್ನೊಂದು ವರ್ಷದ ಹಿಂದೆ ನಾನು ತಗೊಂಡಿದ್ದ ಗಾಡಿಯೇ. ಅದೇ ಮಾಡೆಲ್ಲು, ಅದೇ ಬೂದಿ ಬಣ್ಣ. ಮಿರ್ಚಿ ಗಂಟಲಲ್ಲೇ ನಿಂತಿತು.

ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಹೊಸದಾಗಿ ಬರುವವರು ನನ್ನನ್ನು ಮೊದಲು ಕೇಳುವುದು ಅಕ್ಕಿ ಎಲ್ಲಿ ಸಿಗುತ್ತೆ ಅಂತ, ಎರಡನೆಯದು ಕಾರು. ಅಕ್ಕಿಯ ವಿಷಯಕ್ಕೆ ಯಾರೂ ಕೆಟ್ಟಿಲ್ಲ.

ಮೊದಲ ತಪ್ಪು ಮಾತಿನದ್ದೇ. ಕಾರು ಮಾರುವವನ ಮುಂದೆ ನಿಂತು "ಮೈಲೇಜ್ ಎಷ್ಟು?" ಅಂದೆ. "ತೊಂಬತ್ತೆರಡು ಸಾವಿರ" ಅಂದ. ನಾನು ನಕ್ಕೆ, ಅವನು ನಗಲಿಲ್ಲ. ಅಲ್ಲಿ ಮೈಲೇಜ್ ಅಂದರೆ ಗಾಡಿ ಎಷ್ಟು ಓಡಿದೆ ಅನ್ನುವುದು. ನಾವು ಕೇಳುವ "ಎಷ್ಟು ಕೊಡುತ್ತೆ" ಅನ್ನುವುದಕ್ಕೆ ಅವರು ಎಂಪಿಜಿ ಅನ್ನುತ್ತಾರೆ, ಅಂದರೆ ಒಂದು ಗ್ಯಾಲನ್ನಿಗೆ ಎಷ್ಟು ಮೈಲಿ. ಅವರ ಗ್ಯಾಲನ್ ಸುಮಾರು ನಾಲ್ಕೂವರೆ ಲೀಟರ್. ಎಂಪಿಜಿ ಅಂಕಿಯನ್ನು 2.8ರಿಂದ ಭಾಗಿಸಿದರೆ ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಸಿಗುತ್ತೆ. 50 ಅಂದರೆ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 18.

ಎರಡನೇ ತಪ್ಪಿಗೆ ಬಹಳ ಖರ್ಚಾಯಿತು. ಡೀಸೆಲ್ಲು. ನಮ್ಮ ಅಪ್ಪನ ಹತ್ತಿರ ಒಂದು ಸುಮೋ ಇತ್ತು. ಡೀಸೆಲ್ ಗಾಡಿ ಅಂದರೆ ಉಳಿತಾಯ ಅನ್ನುವುದು ನಮ್ಮ ಮನೆಯಲ್ಲಿ ಯಾರೂ ಪ್ರಶ್ನೆ ಮಾಡದ ಮಾತು. ಬಳ್ಳಾರಿಯಿಂದ ಹೊಸಪೇಟೆಗೆ ಅರವತ್ತು ಚಿಲ್ಲರೆ ಕಿಲೋಮೀಟರ್, ಮಂತ್ರಾಲಯಕ್ಕೆ ಅದಕ್ಕಿಂತ ಜಾಸ್ತಿ. ಆ ಓಡಾಟಕ್ಕೆ ಅದು ಸರಿ. ಕವೆಂಟ್ರಿಯಲ್ಲಿ ನನ್ನ ಓಡಾಟ ಎಷ್ಟು? ಮಗಳ ಶಾಲೆಗೆ ಒಂದೂವರೆ ಮೈಲಿ, ಆಫೀಸಿಗೆ ಮೂರು ಮೈಲಿ, ವಾರಕ್ಕೊಮ್ಮೆ ಸಂತೆ. ಎಂಜಿನ್ನು ಬಿಸಿ ಆಗುವಷ್ಟರಲ್ಲಿ ನಾನು ಇಳಿದು ಹೋಗಿರುತ್ತಿದ್ದೆ.

ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅಂತ ಒಂದು ಜಾಲರಿ ಡಬ್ಬಿ ಇರುತ್ತೆ. ಮಸಿಯನ್ನೆಲ್ಲ ಅದು ಹಿಡಿದಿಟ್ಟುಕೊಳ್ಳುತ್ತೆ. ಆಗಾಗ ಹೈವೇ ಮೇಲೆ ಒಂದಿಷ್ಟು ಹೊತ್ತು ಬಿಡದೆ ಓಡಿಸಿದರೆ ಆ ಕಾವಿಗೆ ಮಸಿ ಸುಟ್ಟು ಡಬ್ಬಿ ಸ್ವಚ್ಛವಾಗುತ್ತೆ. ಓಡಿಸದಿದ್ದರೆ ಕಟ್ಟಿಕೊಳ್ಳುತ್ತೆ. ಕಟ್ಟಿಕೊಳ್ಳುವ ಮೊದಲು ಒಂದು ಹಳದಿ ದೀಪ ಹತ್ತುತ್ತೆ. ನನ್ನದೂ ಹತ್ತಿತು. ನಮ್ಮ ಸುಮೋದಲ್ಲಿ ಮೂರು ದೀಪ ಯಾವಾಗಲೂ ಉರಿಯುತ್ತಿದ್ದವು. ಒಂದು ಆರಿದರೆ ಅಪ್ಪನಿಗೆ ಗಾಬರಿ! ಆ ಅಭ್ಯಾಸದಲ್ಲಿ ನಾನೂ ಸುಮ್ನೆ ಎರಡು ತಿಂಗಳು ಓಡಿಸಿದೆ. ಗ್ಯಾರೇಜಿನವರು ಕೈಗಿಟ್ಟ ಬಿಲ್ಲು 1,450 ಪೌಂಡು. "ಆ ಡಬ್ಬಿನೇ ತೆಗೆಸಿ ಒಗಿ" ಅಂತ ಫೋನಿನಲ್ಲಿ ಊರಿನಿಂದ ಸಲಹೆ ಬಂತು. ತೆಗೆಸಿದರೆ ಗಾಡಿ ವರ್ಷದ ತಪಾಸಣೆಯಲ್ಲೇ ಫೇಲು. ಅದೂ ಅಲ್ಲದೆ ಅಲ್ಲಿ ಡೀಸೆಲ್ ಬೆಲೆ ಸಾಮಾನ್ಯವಾಗಿ ಪೆಟ್ರೋಲಿಗಿಂತ ಜಾಸ್ತಿ. ನನ್ನ ಉಳಿತಾಯದ ಬುಡವೇ ಇರಲಿಲ್ಲ ಅಂತ ಗೊತ್ತಾಗಲು ನನಗೆ ಮೂರು ವರ್ಷ ಬೇಕಾಯಿತು.

ಲಂಡನ್ ಕಥೆ ಬೇರೆ. ಹಳೇ ಡೀಸೆಲ್ ಗಾಡಿ ಒಳಗೆ ಹೋದರೆ ದಿನಕ್ಕೆ 12.50 ಪೌಂಡು ಯುಲೆಜ್ ಸುಂಕ, ಅಂದರೆ ಜಾಸ್ತಿ ಹೊಗೆ ಬಿಡುವ ಗಾಡಿಗೆ ಹಾಕುವ ಸುಂಕ. 2023ರ ಆಗಸ್ಟ್‌ನಿಂದ ಇದು ಲಂಡನ್ನಿನ ಎಲ್ಲ ಬರೋಗಳಿಗೂ, ಅಂದರೆ ಎಲ್ಲ ವಿಭಾಗಗಳಿಗೂ ಬಂದಿದೆ. ಸುಂಕ ತಪ್ಪಬೇಕಾದರೆ ಯೂರೋಪಿನ ಹೊಗೆ ಮಾನದಂಡದಲ್ಲಿ ಪೆಟ್ರೋಲ್ ಗಾಡಿ ಯೂರೋ 4, ಡೀಸೆಲ್ ಆದರೆ ಯೂರೋ 6 ಇರಬೇಕು. ಮೋಟಾಮೋಟಿ ಹೇಳುವುದಾದರೆ 2006ರ ನಂತರದ ಪೆಟ್ರೋಲು, 2015ರ ಸೆಪ್ಟೆಂಬರ್ ನಂತರದ ಡೀಸೆಲ್ಲು. ಒಂದು ಸೀಮಂತಕ್ಕೆ ಹೋಗಿ, ಹೋಳಿಗೆ ಉಂಡು, ಸುಂಕ ಕಟ್ಟುವುದು ಮರೆತು ಬಂದೆ. ಹದಿನಾಲ್ಕು ದಿನದ ಒಳಗೆ ಕಟ್ಟಿದ್ದಕ್ಕೆ ದಂಡ ಅರ್ಧವಾಗಿ 90 ಪೌಂಡು. ಅಷ್ಟು ದುಬಾರಿ ಹೋಳಿಗೆ ಜೀವನದಲ್ಲಿ ತಿಂದಿಲ್ಲ.

ಇನ್ನು ಗಾಡಿ ಪರೀಕ್ಷೆ ಮಾಡುವುದು. ಊರಲ್ಲಿ ಹಳೇ ಗಾಡಿ ನೋಡಲು ಹೋಗುವಾಗ ಅಪ್ಪ ಮಿಸ್ತ್ರಿಯನ್ನು ಕರೆದುಕೊಂಡೇ ಹೋಗುತ್ತಿದ್ದ. ಆ ಮಿಸ್ತ್ರಿ ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಡಾಕ್ಟರು ಎದೆ ಬಡಿತ ಕೇಳಿದ ಹಾಗೆ. ನಾವೆಲ್ಲ ಉಸಿರು ಬಿಗಿ ಹಿಡಿದು ಅವನ ಮುಖ ನೋಡುವುದು. ಅವನು ತಲೆ ಅಲ್ಲಾಡಿಸಿದರೆ ಅಲ್ಲಿಗೆ ವ್ಯಾಪಾರ ಮುಗಿಯಿತು.

ಅಲ್ಲಿ ನನಗೆ ಮಿಸ್ತ್ರಿ ಇರಲಿಲ್ಲ. ಬಣ್ಣ ನೋಡಿದೆ, ಸೀಟು ಒತ್ತಿ ನೋಡಿದೆ, ಟೈರಿಗೆ ಒದ್ದೆ, ದುಡ್ಡು ಕೊಟ್ಟೆ. ಮೂರು ವರ್ಷ ದಾಟಿದ ಪ್ರತಿ ಕಾರಿಗೂ ಅಲ್ಲಿ ವರ್ಷಕ್ಕೊಮ್ಮೆ ಎಂಓಟಿ ಅನ್ನುವ ತಪಾಸಣೆ ಆಗಲೇಬೇಕು. ಅದರ ಪೂರ್ತಿ ಚರಿತ್ರೆ ಸರ್ಕಾರಿ ವೆಬ್‌ಸೈಟಿನಲ್ಲಿ ಬಿಟ್ಟಿ ಸಿಗುತ್ತೆ. ನಂಬರ್ ಪ್ಲೇಟ್ ಹೊಡೆದರೆ ಸಾಕು: ಯಾವ ವರ್ಷ ಎಷ್ಟು ಓಡಿತ್ತು, ಯಾವುದರಲ್ಲಿ ಫೇಲಾಯಿತು, ಯಾವುದಕ್ಕೆ "ಈಗ ಪರವಾಗಿಲ್ಲ, ಮುಂದೆ ನೋಡಿಕೋ" ಅಂತ ಎಚ್ಚರಿಕೆ ಬರೆದರು, ಎಲ್ಲ. ಇದು ನನಗೆ ಗೊತ್ತಾಗಿದ್ದು ಕಾರು ತಂದ ಮೇಲೆ. ಗೆಳೆಯನೊಬ್ಬ ಟೀ ಕುಡಿಯುತ್ತಾ ತೆಗೆದು ತೋರಿಸಿದ. ಮೂರು ವರ್ಷ ಸತತವಾಗಿ ಅಡಿಭಾಗಕ್ಕೆ ತುಕ್ಕು ಅಂತ ಬರೆದಿದ್ದರು.

ನಮಗೆ ಕೆಂಪು ಧೂಳು ಗೊತ್ತು. ಅದಿರಿನ ಲಾರಿ ಹಿಂದೆ ಹೋದ ಗಾಡಿಯ ಏರ್ ಫಿಲ್ಟರ್ ಬಿಚ್ಚಿ ತಟ್ಟಿದವರು ನಾವು. ಉಪ್ಪು ಗೊತ್ತಿಲ್ಲ. ಅಲ್ಲಿ ಚಳಿಗಾಲದಲ್ಲಿ ಮಂಜು ಗಟ್ಟಿಯಾಗದಿರಲಿ ಅಂತ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅದು ಕೆಳಗಿನಿಂದ ತಗಡನ್ನು ತಿನ್ನುತ್ತೆ. ಆದ್ದರಿಂದ ಹೋದ ತಕ್ಷಣ ಬಣ್ಣ ನೋಡಬೇಡಿ. ಹಳೇ ಚಾದರ ಹಾಸಿಕೊಂಡು ಮಲಗಿ ಅಡಿ ನೋಡಿ. ನಾಚಿಕೆ ಅನಿಸಿದರೆ ದುಡ್ಡು ಕೊಟ್ಟು ಬೇರೆ ಮೆಕ್ಯಾನಿಕ್ ಕೈಯಲ್ಲಿ ನೋಡಿಸಿ. ಎಂಜಿನ್ನಿನ ಒಳಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸುವುದಕ್ಕೆ ಟೈಮಿಂಗ್ ಬೆಲ್ಟ್ ಇದೆಯಾ, ಚೈನ್ ಇದೆಯಾ ಕೇಳಿ. ಬೆಲ್ಟ್ ಇದ್ದರೆ ಬದಲಿಸಿದ ಬಿಲ್ಲು ಕೇಳಿ. ಕೆಲವು ಎಂಜಿನ್ನುಗಳಲ್ಲಿ ಬೆಲ್ಟು ಎಣ್ಣೆಯಲ್ಲೇ ಮುಳುಗಿರುತ್ತೆ. ಅದನ್ನು ಬದಲಿಸುವುದು ದೊಡ್ಡ ಖರ್ಚು.

ಊರಿನ ಒಂದು ಅಭ್ಯಾಸ ಮಾತ್ರ ಅಲ್ಲಿಯೂ ನಡೆಯುತ್ತೆ. ಅಪ್ಪ ಯಾವ ಗಾಡಿ ನೋಡಲು ಹೋದರೂ ಮಾತಾಡುವ ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಿದ್ದ. ಬೆಚ್ಚಗಿದ್ದರೆ ಮಾರುವವನು ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾನೆ, ತಣ್ಣಗಿದ್ದಾಗ ಏನೋ ತೊಂದರೆ ಇದೆ ಅಂತ ಅರ್ಥ. ಎರಡನೇ ಕಾರು ತಗೊಳ್ಳುವಾಗ ನಾನೂ ಹಾಗೇ ಅಂಗೈ ಇಟ್ಟೆ. ಮಾರುವ ಹೆಂಗಸು "ಏನು, ಆಶೀರ್ವಾದ ಮಾಡುತ್ತಿದ್ದೀರಾ?" ಅಂದಳು.

ಹಾಗಾದರೆ ಏನು ತಗೊಳ್ಳಬೇಕು? ನಾಲ್ಕು ಜನದ ಮನೆ, ಊರೊಳಗಿನ ಓಡಾಟ ಜಾಸ್ತಿ ಅಂದರೆ ನನ್ನ ಮಾತು ಒಂದೇ: ಪ್ಲಗ್ ಹಾಕಬೇಕಾಗಿಲ್ಲದ ಪೆಟ್ರೋಲ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ನಿನ ಜೊತೆ ಬ್ಯಾಟರಿ ಮೋಟಾರೂ ಇರುವ ಗಾಡಿ. ಟೊಯೋಟಾ ಆರಿಸ್, ಯಾರಿಸ್, ಡಿಕ್ಕಿ ದೊಡ್ಡದು ಬೇಕಿದ್ದರೆ ಕರೋಲಾ ಎಸ್ಟೇಟ್, ಇಲ್ಲ ಹೋಂಡಾ ಜಾಝ್. ಟೊಯೋಟಾ ಹೈಬ್ರಿಡ್‌ಗಳಲ್ಲಿ ನಮಗೆ ಗೊತ್ತಿರುವ ಕ್ಲಚ್ಚು, ಸ್ಟಾರ್ಟರ್ ಮೋಟಾರು, ಆಲ್ಟರ್ನೇಟರು ಇರುವುದಿಲ್ಲ. ಇಲ್ಲದ್ದು ಕೆಡುವುದಿಲ್ಲ, ಅಲ್ವಾ? ನಿಂತು ನಿಂತು ಹೋಗುವ ರಸ್ತೆಯಲ್ಲೇ ಇವು ಜಾಸ್ತಿ ಕೊಡುತ್ತವೆ. ವರ್ಷಕ್ಕೆ 8,000 ಮೈಲಿ ಓಡಿಸಿದರೆ 40 ಎಂಪಿಜಿ ಗಾಡಿಗೆ ಸುಮಾರು 900 ಲೀಟರ್ ಬೇಕು, 60 ಕೊಡುವುದಕ್ಕೆ 600 ಸಾಕು. ಲೀಟರಿಗೆ ಒಂದೂವರೆ ಪೌಂಡ್ ಹಿಡಿದರೂ ವರ್ಷಕ್ಕೆ ನಾನೂರ ಐವತ್ತು ಉಳಿಯಿತು. ಆದರೆ ಇವುಗಳ ಕೆಳಗಿರುವ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಕಳ್ಳರಿಗೆ ಕಣ್ಣು. ತಗಡಿನ ಕವಚ ಹಾಕಿಸಿ, ಬೆಳಕಿರುವ ಕಡೆ ನಿಲ್ಲಿಸಿ.

ರಸ್ತೆ ತೆರಿಗೆಯಲ್ಲಿ ಒಂದು ತಮಾಷೆ ಇದೆ. 2001ರ ಮಾರ್ಚ್‌ನಿಂದ 2017ರ ಮಾರ್ಚ್‌ವರೆಗೆ ನೋಂದಣಿಯಾದ ಕಾರಿಗೆ ಹೊಗೆಯ ಲೆಕ್ಕದಲ್ಲಿ ತೆರಿಗೆ. ಆಮೇಲಿನವಕ್ಕೆ ಹೆಚ್ಚುಕಮ್ಮಿ ಎಲ್ಲಕ್ಕೂ ಒಂದೇ ದರ. 2025ರ ಏಪ್ರಿಲ್‌ನಲ್ಲಿ ಬಂದ ದರದಲ್ಲಿ ಕಿಲೋಮೀಟರಿಗೆ 100 ಗ್ರಾಂ ಒಳಗೆ ಇಂಗಾಲದ ಡೈಆಕ್ಸೈಡ್ ಬಿಡುವ 2016ರ ಹೈಬ್ರಿಡ್‌ಗೆ ವರ್ಷಕ್ಕೆ 20 ಪೌಂಡು, ಅದೇ ಕಾರು 2018ರದ್ದಾದರೆ 195. ಎರಡು ವರ್ಷ ಹೊಸದು ಅಂತ ಖುಷಿ ಪಡುವ ಮೊದಲು ಇದನ್ನು ನೋಡಿ.

ಕಾಗದಪತ್ರ ಬೇಗ ಹೇಳಿ ಮುಗಿಸುತ್ತೇನೆ: ವಿ5ಸಿ ಲಾಗ್‌ಬುಕ್ (ನಮ್ಮ ಆರ್‌ಸಿ ಇದ್ದ ಹಾಗೆ) ನೋಡದೆ ದುಡ್ಡು ಕೊಡಬೇಡಿ, ಸಾಲ ಬಾಕಿ ಇದೆಯಾ ಮತ್ತು ಆಕ್ಸಿಡೆಂಟ್ ಆಗಿ ಕ್ಯಾಟ್ ಎಸ್ (ಚೌಕಟ್ಟಿಗೇ ಪೆಟ್ಟು), ಕ್ಯಾಟ್ ಎನ್ (ಚೌಕಟ್ಟು ಬಿಟ್ಟು ಬೇರೆ ಪೆಟ್ಟು) ಅಂತ ಗುರುತಾಗಿದೆಯಾ ಅಂತ ಚೆಕ್ ಮಾಡಿಸಿ, ಹಳಬನ ತೆರಿಗೆ ನಿಮಗೆ ಬರುವುದಿಲ್ಲ, ತೆರಿಗೆ ಮತ್ತು ಇನ್ಶೂರೆನ್ಸ್ ಇಲ್ಲದೆ ಮನೆಯವರೆಗೂ ಓಡಿಸುವ ಹಾಗಿಲ್ಲ.

ಇನ್ಶೂರೆನ್ಸ್ ಮಾತ್ರ ನಿಧಾನವಾಗಿ ಕೇಳಿಸಿಕೊಳ್ಳಿ. ನಮ್ಮ ಲೈಸೆನ್ಸಿನಲ್ಲಿ ಹನ್ನೆರಡು ತಿಂಗಳು ಓಡಿಸಬಹುದು, ಆದರೆ ಪ್ರೀಮಿಯಂ ಕೇಳಿದರೆ ತಲೆ ತಿರುಗುತ್ತೆ. ನನಗೆ ಮೊದಲ ವರ್ಷ ಕಾರಿನ ಅರ್ಧ ಬೆಲೆಯಷ್ಟು ಆಗಿತ್ತು. ಬಳ್ಳಾರಿ ಮೋತಿ ಸರ್ಕಲ್‌ನಲ್ಲಿ ಹದಿನೈದು ವರ್ಷ ಗಾಡಿ ಓಡಿಸಿದ್ದೇನೆ ಅಂದೆ, ಅದನ್ನು ಬರೆದುಕೊಳ್ಳುವ ಜಾಗ ಅವರ ಫಾರ್ಮಿನಲ್ಲಿ ಇಲ್ಲ. ಭಾರತದ ಲೈಸೆನ್ಸನ್ನು ಅಲ್ಲಿ ಬದಲಿಸಿ ಕೊಡುವುದಿಲ್ಲ, ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ಆಟೋಮ್ಯಾಟಿಕ್‌ನಲ್ಲಿ ಪಾಸಾದರೆ ಆಟೋಮ್ಯಾಟಿಕ್ ಮಾತ್ರ. ಕಾರುಗಳಿಗೆ 1ರಿಂದ 50ರವರೆಗೆ ಇನ್ಶೂರೆನ್ಸ್ ಗುಂಪು ಇರುತ್ತೆ, ಅಂಕಿ ಕಡಿಮೆ ಇದ್ದಷ್ಟೂ ಒಳ್ಳೆಯದು. ಕಾರಿನ ನಂಬರ್ ಹಾಕಿ ಕೊಟೇಶನ್ ನೋಡಿ, ಆಮೇಲೆ ಚೌಕಾಸಿಗೆ ಕೂಡಿ.

ಕೊನೆಗೆ ಸೀಟಿನ ಲೆಕ್ಕ. ಸುಮೋದಲ್ಲಿ ಮಂತ್ರಾಲಯಕ್ಕೆ ಹೋದಾಗ ನಾವು ಹದಿಮೂರು ಜನ ಇದ್ದೆವು. ನಾನು ಸೋದರತ್ತೆಯ ತೊಡೆ ಮೇಲೆ, ನನ್ನ ತೊಡೆ ಮೇಲೆ ಬುತ್ತಿ ಗಂಟು. ಅಲ್ಲಿ ಮಗುವಿಗೆ ಹನ್ನೆರಡು ವರ್ಷ ಅಥವಾ 135 ಸೆಂಟಿಮೀಟರ್ ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಬೇರೆ ಸೀಟು ಬೇಕು. ಮಕ್ಕಳ ಸೀಟನ್ನು ಜೊತೆಗೇ ಒಯ್ದು ಹಿಂದೆ ಕೂಡಿಸಿ ನೋಡಿ, ಎಷ್ಟೋ ಕಾರಲ್ಲಿ ಮೂರು ಹಿಡಿಯುವುದಿಲ್ಲ. ನನ್ನ ಮಗಳು ಯಾರ ತೊಡೆ ಮೇಲೂ ಕೂತು ಪ್ರಯಾಣ ಮಾಡಿದವಳಲ್ಲ. ಊರಿಗೆ ಬಂದಾಗ ಆಟೋದಲ್ಲಿ ಅಜ್ಜಿ ಎಳೆದು ಕೂಡಿಸಿಕೊಂಡರೆ ಮರದ ಕೊರಡಿನ ಹಾಗೆ ಸೆಟೆದು ಕೂತಿದ್ದಳು, ಬೆಲ್ಟ್ ಎಲ್ಲಿ ಅಂತ ಹುಡುಕುತ್ತಾ. ಅವಳಿಗೆ ನಾನೇ ಕಲಿಸಿದ್ದು. ಕಲಿಸಿದ್ದು ಸರಿಯೇ. ಆದರೂ ಅವತ್ತು ಒಂಥರಾ ಆಯಿತು.

ಏಳು ಸೀಟಿನ ಗಾಡಿ ತಗೊಂಡಿದ್ದು ಅಪ್ಪ ಅವ್ವ ಬರುತ್ತಾರೆ ಅಂತ. ಎಂಟು ವರ್ಷ ಇಟ್ಟುಕೊಂಡಿದ್ದೆ. ಬಂದಿದ್ದು ಒಂದೇ ಸಲ, ಏಳು ವಾರ. ಅಪ್ಪ ಹಿಂದಿನ ಸಾಲಲ್ಲೇ ಕೂಡುತ್ತೇನೆ ಅಂತ ಹಟ ಹಿಡಿದು ಕೂತ, ಮೊಣಕಾಲು ಗದ್ದಕ್ಕೆ ತಾಕುತ್ತಿತ್ತು. ಸುತ್ತ ನೋಡಿ "ಇನ್ನೂ ಮೂರು ಮಂದಿ ಹಿಡಿತಾರೋ" ಅಂದ. ಉಳಿದ ವರ್ಷಗಳೆಲ್ಲ ಆ ಎರಡು ಸೀಟನ್ನು ಮಡಚಿಟ್ಟುಕೊಂಡು, ಅವುಗಳ ಭಾರಕ್ಕೂ ಎಣ್ಣೆ ಸುಟ್ಟೆ, ದೊಡ್ಡ ಗಾಡಿ ಅಂತ ಇನ್ಶೂರೆನ್ಸೂ ಜಾಸ್ತಿ ಕಟ್ಟಿದೆ.

ಇಷ್ಟೆಲ್ಲ ಕೇಳಿ ಅಳಿಯ ಉಗ್ಗಾಣಿ ತಟ್ಟೆ ಪಕ್ಕಕ್ಕಿಟ್ಟ.

"ಹಂಗಾದ್ರ ಅಪ್ಪ, ಅವ್ವ ಬಂದಾಗ ಏನ್ ಮಾಡೋದ್ರೀ ಮಾಮ?"

"ಎರಡು ವಾರ ದೊಡ್ಡ ಗಾಡಿ ಬಾಡಿಗೆಗೆ ತಗೋ. ಎಂಟು ವರ್ಷ ಸಾಕೋದಕ್ಕಿಂತ ಅಗ್ಗ."

ಒಳಗಿನಿಂದ ಅಕ್ಕನ ದನಿ ಬಂತು. "ನಾವೇನ್ ಬರಂಗಿಲ್ಲ ಬಿಡೋ ತಮ್ಮ. ಆ ಚಳಿಯಾಗ ಯಾರು ಬರ್ತಾರ? ಸಣ್ಣದು ತಗೊಳ್ಳಲಿ."

ಅಳಿಯ ಏನೂ ಹೇಳಲಿಲ್ಲ. ಫೋನು ತೆಗೆದು ಹಿಂದಿನ ಸಾಲಿನ ಫೋಟೋವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದ.